ರೆಕಾರ್ಡಿನ ಮುಖ್ಯ ಬದಿ, ಐದಕ್ಷರ

ಇಂಗ್ಲಿಷ್ ಪದಬಂಧದಲ್ಲಿ 'ರೆಕಾರ್ಡಿನ ಮುಖ್ಯ ಬದಿ, ಐದಕ್ಷರ' ಅನ್ನೋ ಸುಳಿವಿಗೆ 'ಎ-ಸೈಡ್' ಹಾಕಿದ್ದೀರಿ, ಆದರೆ ಮೂರನೇ ಮನೆಗೆ 'ಡಿ' ಬರುತ್ತಿದೆ, ಅಲ್ವಾ? ಹಾಗಾದರೆ 'ಸೈಡ್ ಎ' ಬರೆಯಿರಿ. ಅವೇ ಐದು ಅಕ್ಷರ, ಜಾಗ ಮಾತ್ರ ಬೇರೆ. ಸುಳಿವಿನಲ್ಲಿ 'ಫ್ಲಿಪ್' (ತಿರುಗಿಸು) ಅಂತಿದ್ದರೆ ಹಿಂಬದಿ, ಅಂದರೆ ಬಿ ಕಡೆ ಯೋಚಿಸಿ.

1949ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿ ಆರ್‌ಸಿಎ ವಿಕ್ಟರ್ ತಂದ ಏಳಿಂಚಿನ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ರೆಕಾರ್ಡಿನಲ್ಲಿ ಸಾಮಾನ್ಯವಾಗಿ ಬದಿಗೊಂದೇ ಹಾಡು. ಓಡುತ್ತದೆ ಅಂತ ಕಂಪನಿ ನಂಬಿದ ಹಾಡು ಎ ಬದಿಗೆ. ಕೇಳುವವರು ತಿರುಗಿಸಿ ಹಾಕಿ ಬಿ ಬದಿಯನ್ನೇ ಗೆಲ್ಲಿಸಿದ್ದೂ ಉಂಟು!

ಇನ್ನು, ಮಡಿಕೇರಿ ಮಳೆಗೆ ಬೂಷ್ಟು ಹಿಡಿದು ಲೇಬಲ್ ಮಾಸಿದ ನಿಮ್ಮ ಮಾವನ ರೆಕಾರ್ಡಿನಲ್ಲಿ ಎ ಬದಿ ಯಾವುದು ಅನ್ನೋ ಪ್ರಶ್ನೆ. ಲೇಬಲ್ ಸುತ್ತಲಿನ ನುಣುಪು ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಲ್ಲಿ ಕೊರೆದ ನಂಬರಿನ ಜೊತೆ 'ಎ' ಅಥವಾ 'ಬಿ' ಜಾಸ್ತಿ ಸಲ ಸಿಗುತ್ತದೆ.