ವಾಟರ್‌ಫಾಲ್ ತುಂಬ ಸಿಗ್ನಲ್, ಪರದೆಯಲ್ಲಿ ಒಂದು ಹೆಸರಿಲ್ಲ

ಪ್ರಶ್ನೆ: ಸರ್, ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದಿದ್ದೇನೆ. ವಿಜಯಪುರದ ಮನೆಯಲ್ಲಿ ಎಫ್‌ಟಿ8, ಅಂದರೆ ಕಂಪ್ಯೂಟರ್ ಮೂಲಕ ರೇಡಿಯೋದಲ್ಲಿ ಪುಟ್ಟ ಸಂದೇಶ ಕಳಿಸುವ ವಿಧಾನ, ಚೆನ್ನಾಗಿ ನಡೆಯುತ್ತದೆ. ಅದೇ ರೇಡಿಯೋ, ಅದೇ ಲ್ಯಾಪ್‌ಟಾಪ್ ಇಂಡಿ ಹತ್ತಿರದ ನಮ್ಮ ತೋಟಕ್ಕೆ ಒಯ್ದು ಮೂರ್ನಾಲ್ಕು ದಿನ ಉಳಿದರೆ ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಗೆರೆಯಾಗಿ ತೋರಿಸುವ ಕಿಟಕಿ) ತುಂಬ ಗೆರೆ ಬೀಳುತ್ತವೆ, ಆದರೆ ಒಂದು ಕಾಲ್‌ಸೈನೂ (ಸ್ಟೇಷನ್‌ನ ಗುರುತಿನ ಹೆಸರು) ಮೂಡುವುದಿಲ್ಲ. ಅಲ್ಲಿ ನೆಟ್ ಇಲ್ಲ. ಆಂಟೆನಾ ಬದಲಿಸಬೇಕೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಆಂಟೆನಾ ಮುಟ್ಟಬೇಡಿ. ಗೆರೆ ಬೀಳುತ್ತಿವೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ, ಅಲ್ವಾ? ಲ್ಯಾಪ್‌ಟಾಪಿನ ಗಡಿಯಾರ ನೋಡಿ.

ನನಗೂ ಹೀಗೇ ಆಗಿತ್ತು. ಬಸವನ ಬಾಗೇವಾಡಿ ಕಡೆ ಜೋಳದ ಹೊಲದಲ್ಲಿ, ಬೇವಿನ ಮರಕ್ಕೆ ಕಟ್ಟಿದ ಡೈಪೋಲ್ ಆಂಟೆನಾವನ್ನು ಎರಡು ತಾಸು ಇಳಿಸಿ ಏರಿಸಿದೆ. ಕೊನೆಗೆ ಫೋನನ್ನು ಲ್ಯಾಪ್‌ಟಾಪ್ ಪಕ್ಕ ಇಟ್ಟು ನೋಡಿದರೆ ನಾಲ್ಕು ಸೆಕೆಂಡ್ ವ್ಯತ್ಯಾಸ. ಅಷ್ಟೇ ಸಾಕಿತ್ತು.

ಎಫ್‌ಟಿ8ನಲ್ಲಿ ಎಲ್ಲರೂ ನಿಮಿಷದ 0, 15, 30, 45ನೇ ಸೆಕೆಂಡಿಗೆ ಸರದಿ ಹಿಡಿಯುತ್ತಾರೆ. ಒಂದು ಸಂದೇಶಕ್ಕೆ 12.64 ಸೆಕೆಂಡ್. ಗಡಿಯಾರ ಎರಡು, ಎರಡೂವರೆ ಸೆಕೆಂಡಿಗಿಂತ ಜಾಸ್ತಿ ತಪ್ಪಿದರೆ ಡಿಕೋಡ್, ಅಂದರೆ ಸಿಗ್ನಲ್‌ನಿಂದ ಸಂದೇಶ ಬಿಡಿಸುವುದು, ನಿಂತೇ ಹೋಗುತ್ತದೆ. ಒಂದು ಸೆಕೆಂಡಿನ ಒಳಗಿರಲಿ. ಎಫ್‌ಟಿ8 ಅನ್ನು 2017ರಲ್ಲಿ ಸ್ಟೀವ್ ಫ್ರಾಂಕ್ ಜೊತೆ ರೂಪಿಸಿದ ಜೋ ಟೇಲರ್, ಪಲ್ಸಾರ್ ಸಂಶೋಧನೆಗೆ 1993ರ ನೊಬೆಲ್ ಪಡೆದವರು. ಪಲ್ಸಾರ್ ಅಂದರೆ ಆಕಾಶದಲ್ಲೇ ಟಿಕ್ ಟಿಕ್ ಅನ್ನುವ ಗಡಿಯಾರ. ಅದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಮನೆಯಲ್ಲಿ ನೆಟ್ ಇದೆ, ವಿಂಡೋಸ್ ತಾನೇ ಸಮಯ ಸರಿ ಮಾಡಿಕೊಳ್ಳುತ್ತದೆ. ತೋಟದಲ್ಲಿ ಅದಿಲ್ಲ. ಲ್ಯಾಪ್‌ಟಾಪ್ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡ್ ಜಾರುವುದು ಸಾಮಾನ್ಯ. ಆದ್ದರಿಂದ ಹೊರಡುವ ಮುಂಚೆ ಸಮಯದ ಸೆಟಿಂಗ್‌ನಲ್ಲಿ 'ಸಿಂಕ್ ನೌ' ಒತ್ತಿ. ಒಂದು ದಿನದ ಕೆಲಸಕ್ಕೆ ಅಷ್ಟು ಸಾಕು.

ನಿಮ್ಮ ಹಾಗೆ ಉಳಿಯುವವರಿಗೆ ಯುಎಸ್‌ಬಿ ಜಿಪಿಎಸ್ ಬೇಕು. ಬಿಕೆಟಿ ಟೈಮ್‌ಸಿಂಕ್‌ನಂಥ ತಂತ್ರಾಂಶ ಅದರಿಂದ ಸಮಯ ಓದಿ ಗಡಿಯಾರ ತಿದ್ದುತ್ತದೆ. ಅಡ್ಮಿನ್ ಆಗಿ ಓಡಿಸಿ, ಇಲ್ಲದಿದ್ದರೆ ವಿಂಡೋಸ್ ತಿದ್ದಲು ಬಿಡುವುದಿಲ್ಲ. ಜಿಪಿಎಸ್ ಚುಚ್ಚಿದ ಕೂಡಲೇ ಬಂದ ಸಮಯ ನಂಬಬೇಡಿ. ಉಪಗ್ರಹಗಳ ಸಮಯ ಯುಟಿಸಿಗಿಂತ (ಜಗತ್ತಿನ ಪ್ರಮಾಣ ಸಮಯ) 18 ಸೆಕೆಂಡ್ ಮುಂದಿದೆ. ಅದನ್ನು ಕಳೆಯಬೇಕೆಂಬ ಮಾಹಿತಿ ಆಕಾಶದಿಂದ ಬರಲು ಕೆಲವೊಮ್ಮೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಬಯಲಲ್ಲಿಟ್ಟು ಕಾಲು ತಾಸು ಕಾಯಿರಿ.

ಇನ್ನು 'ಡಿಟಿ' ಕಾಲಂ: ಬಂದ ಸಿಗ್ನಲ್ ನಿಮ್ಮ ಗಡಿಯಾರಕ್ಕಿಂತ ಎಷ್ಟು ಸೆಕೆಂಡ್ ಆಚೀಚೆ ಎಂಬ ಲೆಕ್ಕ. ಇದನ್ನು ಓದುವುದು ಕಲಿತರೆ ಯಾರನ್ನೂ ಕೇಳಬೇಕಿಲ್ಲ. ಹತ್ತು ಸ್ಟೇಷನ್‌ಗಳೂ 1.5ರ ಸುತ್ತ ತೋರಿಸಿದರೆ ನಿಮ್ಮ ಗಡಿಯಾರವೇ ಒಂದೂವರೆ ಸೆಕೆಂಡ್ ಮುಂದಿದೆ, ಹಿಂದಕ್ಕೆ ತಳ್ಳಿ. ಮೈನಸ್ ಇದ್ದರೆ ಮುಂದಕ್ಕೆ. ಒಬ್ಬರದ್ದು ಮಾತ್ರ ಬೇರೆ ಇದ್ದರೆ ತಪ್ಪು ಅವರ ಕಡೆ, ನೀವು ಸುಮ್ನೆ ಇರಿ.

ಟೈಮ್‌ಝೋನ್ ಕೂಡ ಒಮ್ಮೆ ನೋಡಿ. ಅದು ಐದೂವರೆ ತಾಸು ತಪ್ಪಿದ್ದರೂ ಡಿಕೋಡ್ ನಡೆಯುತ್ತದೆ, ಸರದಿಗೆ ಬೇಕಾದ್ದು ಸೆಕೆಂಡ್ ಮಾತ್ರ. ಆದರೆ ಲಾಗ್‌ನಲ್ಲಿ (ಸಂಪರ್ಕಗಳ ದಾಖಲೆ) ಸಮಯ ತಪ್ಪಾಗಿ, ಆಚೆಯವರ ಲಾಗ್‌ಗೆ ಹೊಂದದೆ ಸಂಪರ್ಕ ಕನ್ಫರ್ಮ್ ಆಗುವುದಿಲ್ಲ.

ಮುಂದಿನ ಸಲ ತೋಟದಲ್ಲಿ ರೇಡಿಯೋ 7.074 ಮೆಗಾಹರ್ಟ್ಸ್‌ಗೆ ಹಾಕಿ, ಮೊದಲ ಹತ್ತು ಡಿಟಿ ಅಂಕಿ ಬರೆದು ಕಳಿಸಿ.