ಪುರಸಭೆಯಲ್ಲಿ ಮದುವೆ ನೋಂದಣಿ ಮಾಡಿಸ್ತೀನಿ ಅಂದವನನ್ನು ನಂಬಬೇಡಿ

ಪ್ರಶ್ನೆ: ನಾವಿಬ್ಬರು ಹೆಂಗಸರು, ಸಂಗಾತಿಗಳು. ಪುರಸಭೆಯಲ್ಲಿ ಮದುವೆ ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಅಂತ ಏಜೆಂಟ್ ಒಬ್ಬ ದುಡ್ಡು ಕೇಳುತ್ತಿದ್ದಾನೆ. ಕೊಡಬಹುದಾ?

ಒಂದು ರೂಪಾಯಿಯನ್ನೂ ಕೊಡಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ಆ ಏಜೆಂಟನ ಮೇಲೆ. ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾನೂನಿನಲ್ಲಿಲ್ಲದ ಮದುವೆಯನ್ನು ಪುರಸಭೆಯಾಗಲಿ, ಸಬ್ ರಿಜಿಸ್ಟ್ರಾರ್ ಆಗಲಿ ದಾಖಲಿಸಲು ಬರುವುದಿಲ್ಲ. ಜಪಾನಿನ ಶಿಬುಯಾದಲ್ಲಿ 2015ರಿಂದ ಸ್ಥಳೀಯ ಆಡಳಿತವೇ ಇಂಥ ಜೋಡಿಗಳಿಗೆ ಪತ್ರ ಕೊಡುತ್ತಿದೆ, ನಿಜ. ಆದರೆ ಅದೂ ಮದುವೆಯಲ್ಲ, ಅದರಿಂದ ವಾರಸುದಾರಿಕೆ ಬರುವುದಿಲ್ಲ.

ಆ ದುಡ್ಡಲ್ಲಿ ಮೊದಲು ವಿಲ್ ಬರೆಸಿ. ಮದುವೆಯಾಗದ, ಮಕ್ಕಳಿಲ್ಲದ ಹಿಂದೂ ಹೆಂಗಸು ವಿಲ್ ಇಲ್ಲದೆ ತೀರಿಕೊಂಡರೆ ಅವಳ ಸ್ವಂತ ದುಡಿಮೆಯ ಮನೆ ಹೆತ್ತವರಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ತಂದೆಯ ಕಡೆಯವರಿಗೆ. ಜೊತೆಗೆ ಬಾಳಿದವಳಿಗೆ ಏನೂ ಇಲ್ಲ. ವಿಲ್‌ಗೆ ಇಬ್ಬರು ಸಾಕ್ಷಿಗಳು ಬೇಕು, ಪಾಲು ಪಡೆಯುವವರು ಸಾಕ್ಷಿ ಹಾಕಬೇಡಿ. ನೋಂದಣಿ ಕಡ್ಡಾಯವಲ್ಲ. ಆದರೂ ನಾನು ಮಾಡಿಸಿ ಅಂತಲೇ ಹೇಳುತ್ತೇನೆ, ಏಕೆಂದರೆ ನಾಳೆ ತಕರಾರು ತೆಗೆಯುವವರು ನಿಮ್ಮ ಮನೆಯವರೇ.

ಪುರಸಭೆಯಲ್ಲಿ ಆಗುವ ಕೆಲಸವೂ ಒಂದಿದೆ. ಅದನ್ನು ಯಾರೂ ಕೇಳುವುದೇ ಇಲ್ಲ! ವಾಸಿಯಾಗದ ಕಾಯಿಲೆಯಲ್ಲಿ ನಿಮಗೆ ಮಾತಾಡಲು ಆಗದಿದ್ದಾಗ ಚಿಕಿತ್ಸೆ ಮುಂದುವರಿಸಬೇಕೋ ಬೇಡವೋ ಅಂತ ಮೊದಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಪ್ರತಿಯನ್ನು ಇಟ್ಟುಕೊಳ್ಳಲು ಸ್ಥಳೀಯ ಸಂಸ್ಥೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎನ್ನುವುದು ಸುಪ್ರೀಂ ಕೋರ್ಟಿನ ನಿಯಮ. ಆಗ ನಿಮ್ಮ ಪರವಾಗಿ ಮಾತಾಡುವ ಗಾರ್ಡಿಯನ್ ಜಾಗದಲ್ಲಿ ಸಂಗಾತಿಯ ಹೆಸರು ಬರೆಯಿರಿ. ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳದೆ ಎದ್ದು ಬರಬೇಡಿ.

ಪ್ರಶ್ನೆ: ಬಾಂಡ್ ಪೇಪರ್ ಮೇಲೆ ಮದುವೆ ಒಪ್ಪಂದ ಬರೆದು ನೋಟರಿ ಮಾಡಿಸಿದರೆ ಸಾಲದಾ?

ಸಾಲದು. ಅದು ಮದುವೆಯಾಗುವುದಿಲ್ಲ.

ಪ್ರಶ್ನೆ: ನಾಮಿನಿ ಮಾಡಿದ್ದೇನೆ, ವಿಲ್ ಯಾಕೆ?

ಬ್ಯಾಂಕ್ ದುಡ್ಡಿಗೆ ನಾಮಿನಿ ಅಂದರೆ ವಾರಸುದಾರರ ಪರವಾಗಿ ಪಡೆಯುವವರು ಅಷ್ಟೇ, ಮಾಲೀಕರಲ್ಲ. ಎರಡೂ ಮಾಡಿ.

ಪ್ರಶ್ನೆ: ಒಂದೇ ರೇಷನ್ ಕಾರ್ಡ್ ಸಿಗುತ್ತದಾ?

ಇಂಥ ಜೋಡಿಯನ್ನು ಒಂದೇ ಮನೆಯವರೆಂದು ಪರಿಗಣಿಸಿ ಅಂತ ಕೇಂದ್ರ 2024ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಅರ್ಜಿ ಹಾಕಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಪ್ರಶ್ನೆ: ಇಬ್ಬರೂ ಸೇರಿ ದತ್ತು ತೆಗೆದುಕೊಳ್ಳಬಹುದಾ?

ಸದ್ಯಕ್ಕೆ ಇಲ್ಲ. ಒಬ್ಬರ ಹೆಸರಿನಲ್ಲಿ ಮಾತ್ರ ಆಗುತ್ತದೆ.