ಓಟವೂ ನೆಗಡಿಯೂ: ಸಪ್ತಾಪುರದ ಓದುಗರಿಗೆ

ಹಾವೇರಿ ಜಿಲ್ಲೆಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಿ ನಡೆಸಿರುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ಮುಂಜಾನೆ 5ಕ್ಕ ಎದ್ದು ಖಾಲಿ ಹೊಟ್ಟೀಲೆ 10 ಕಿಲೋಮೀಟರ್ ಓಡ್ತೀನ್ರಿ. ಸಂಜೀಕ 1600 ಮೀಟರ್ ನಾಕೈದು ಸಲ ಟೈಮ್ ಹಚ್ಚಿ ಓಡೂದು, ಆಮ್ಯಾಲೆ ಬಸ್ಕಿ. ರಾತ್ರಿ 1ರ ತನಕ ಓದು. ಒಂದ ದಿನಾನೂ ತಪ್ಪಿಸಿಲ್ಲ. ಆದ್ರ ತಿಂಗಳಿಗೊಮ್ಮೆ ನೆಗಡಿ, ಗಂಟಲ ನೋವು ಬರೂದು ಬಿಟ್ಟಿಲ್ಲ. ಜಾಸ್ತಿ ಕಸರತ್ತು ಮಾಡಿದ್ರ ಬಿಳಿ ರಕ್ತಕಣ ಸಾಯ್ತಾವು ಅಂತ ಜಿಮ್ಮಿನ ಗೆಳೆಯ ಹೇಳ್ತಾನ, ಇಮ್ಯುನಿಟಿ ಪೌಡರ್ ತಗೋ ಅಂತ ಬೆನ್ನ ಹತ್ಯಾನ. ಗರಡಿ ಮನ್ಯಾಗ ಬೆಳೆದ ನಮ್ಮಪ್ಪ, ಬೆವರಿಗೆ ಅಂಜಿದ್ರ ಮೈ ಗಟ್ಟಿ ಆಗೂದಿಲ್ಲ ಅಂತಾರ. ಯಾರ ಮಾತು ಖರೇ ರೀ? ಓಟ ಬಿಡ್ಲ್ಯಾ?”

ಓಟ ಬಿಡಬೇಡಿ. ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ, ಗೆಳೆಯನ ಮಾತಿಗೂ ಒಂದು ಬುಡವಿದೆ. ಆದರೆ ಪತ್ರ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾತ್ರಿ 1 ಮತ್ತು ಮುಂಜಾನೆ 5 ಎಂಬ ಎರಡು ಅಂಕಿಗಳು. ನಡುವೆ ಉಳಿಯುವುದು ನಾಲ್ಕು ತಾಸು. ಅದಕ್ಕೆ ಆಮೇಲೆ ಬರುತ್ತೇನೆ.

ಗೆಳೆಯನ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 1982ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 56 ಕಿಲೋಮೀಟರ್ ಓಡಿದ 150 ಜನರನ್ನು ಸಂಶೋಧಕರು ಎರಡು ವಾರದ ಮಟ್ಟಿಗೆ ವಿಚಾರಿಸಿದರು. ಮೂವರಲ್ಲಿ ಒಬ್ಬರಿಗೆ ಶೀತವೋ ಗಂಟಲು ಬೇನೆಯೋ ಆಗಿತ್ತು. ಓಡದಿದ್ದವರಲ್ಲಿ ಅದು ಶೇ. 15ರಷ್ಟು ಮಾತ್ರ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಆದ ಮೇಲೆ ಡೇವಿಡ್ ನೀಮನ್ ಮತ್ತು ಜೊತೆಗಾರರು ಎರಡು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಕೇಳಿದರು. ಮ್ಯಾರಥಾನ್ ಓಡಿದವರಲ್ಲಿ ಶೇ. 12.9 ಮಂದಿ ಮುಂದಿನ ವಾರದೊಳಗೆ ಕಾಯಿಲೆ ಬಿದ್ದಿದ್ದರು. ಅಷ್ಟೇ ತಯಾರಿ ಮಾಡಿಯೂ ಆ ದಿನ ಓಡದವರಲ್ಲಿ ಶೇ. 2.2. ಅಲ್ಲಿಂದ ಮುಂದೆ ‘ತೆರೆದ ಕಿಟಕಿ’ ಎಂಬ ವಾದ ಹಬ್ಬಿತು: ಮೈ ಮುರಿಯುವ ಕಸರತ್ತಿನ ನಂತರ ಕೆಲವು ತಾಸು, ಕೆಲವೊಮ್ಮೆ ಮೂರು ದಿನದವರೆಗೂ ರೋಗಾಣುಗಳಿಗೆ ಬಾಗಿಲು ತೆರೆದಿರುತ್ತದೆ ಎಂದು.

ಇವೆಲ್ಲ ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡ ಲೆಕ್ಕಗಳು ಎಂಬುದನ್ನು ಮರೆಯಬಾರದು. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕ್ರೀಡಾಪಟುಗಳು ಸೇರಿದಂತೆ ಹಲವರ ಮೂಗು-ಗಂಟಲಿನ ಮಾದರಿ ತೆಗೆದು ಪರೀಕ್ಷೆಗೇ ಕಳಿಸಿದರು. ನೆಗಡಿ ಎಂದು ಹೇಳಿಕೊಂಡ 37 ಪ್ರಸಂಗಗಳಲ್ಲಿ ವೈರಸ್ಸೋ ಬ್ಯಾಕ್ಟೀರಿಯಾವೋ ಸಿಕ್ಕಿದ್ದು ಹನ್ನೊಂದರಲ್ಲಿ ಮಾತ್ರ. ಗಂಟಲು ಕೆರೆತಕ್ಕೆ ಒಣ ಗಾಳಿ, ಧೂಳು, ಅಲರ್ಜಿ ಕೂಡ ಕಾರಣವಾಗುತ್ತವೆ. ಬೇಸಿಗೆಯಲ್ಲಿ ನಮ್ಮ ಮೈದಾನಗಳ ಕೆಂಪು ಧೂಳಿನಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತ 1600 ಮೀಟರ್ ಓಡಿದರೆ ರಾತ್ರಿ ಗಂಟಲು ಉರಿಯದೆ ಏನು ಮಾಡೀತು? ತಿಂಗಳಿಗೊಮ್ಮೆ ಬರುವ ನಿಮ್ಮ ನೆಗಡಿಗಳಲ್ಲಿ ಕೆಲವಾದರೂ ಈ ಜಾತಿಯವಿರಬಹುದು.

ಇನ್ನು ಬಿಳಿ ರಕ್ತಕಣಗಳ ಮಾತು. ಜೋರಾಗಿ ಓಡುವಾಗ ಅಡ್ರಿನಲಿನ್ ಏರಿ, ರಕ್ತದಲ್ಲಿ ಅವುಗಳ ಎಣಿಕೆ ಹೆಚ್ಚುತ್ತದೆ. ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ‘ನ್ಯಾಚುರಲ್ ಕಿಲ್ಲರ್’ ಕಣಗಳಂತೂ ಹತ್ತು ಪಟ್ಟಿನವರೆಗೂ ಏರಬಲ್ಲವು. ಓಟ ನಿಂತು ಒಂದೆರಡು ತಾಸು ಕಳೆಯಿತೆಂದರೆ ಲಿಂಫೋಸೈಟ್ ಎಂಬ ಕಣಗಳು ಓಟಕ್ಕೆ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿಯುತ್ತವೆ. ಆ ಹೊತ್ತಿನಲ್ಲಿ ರಕ್ತ ಕೊಟ್ಟರೆ ರಿಪೋರ್ಟ್ ನೋಡಿ ಯಾರಾದರೂ ಗಾಬರಿಯಾಗಬೇಕು. ಹಾಗಾದರೆ ಅವು ಸತ್ತವೇ? ಗುರುತು ಹಚ್ಚಿದ ಕಣಗಳನ್ನು ಇಲಿಗಳಿಗೆ ಕೊಟ್ಟು, ಕಸರತ್ತಾದ ಮೇಲೆ ಹುಡುಕಿದಾಗ ಅವು ಶ್ವಾಸಕೋಶದಲ್ಲಿ, ಕರುಳಿನ ಗೋಡೆಯಲ್ಲಿ, ಮೂಳೆಯ ಮಜ್ಜೆಯಲ್ಲಿ ಸಿಕ್ಕವು. ಗಣೇಶ ವಿಸರ್ಜನೆಯ ದಿನ ಹುಬ್ಬಳ್ಳಿಯ ಯಾವ ಠಾಣೆಗೆ ಹೋದರೂ ಇಬ್ಬರೋ ಮೂವರೋ ಕಾಣುತ್ತಾರೆ, ಉಳಿದವರೆಲ್ಲ ಬಂದೋಬಸ್ತಿಗೆ ಹೋಗಿರುತ್ತಾರೆ, ಇದೂ ಹಾಗೆಯೇ. ಸುಮಾರು ಒಂದು ದಿನದೊಳಗೆ ರಕ್ತದ ಎಣಿಕೆ ಮೊದಲಿನಂತಾಗುತ್ತದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಬೆಲ್ ಮತ್ತು ಟರ್ನರ್ 2018ರಲ್ಲಿ, ಕಸರತ್ತಿನಿಂದ ರೋಗನಿರೋಧಕ ಶಕ್ತಿ ಕುಸಿಯುತ್ತದೆ ಎಂಬುದೇ ತಪ್ಪು ತಿಳಿವಳಿಕೆ ಎಂದು ವಾದಿಸಿದರು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ವಾರಗಟ್ಟಲೆ ಬಿಡುವಿಲ್ಲದೆ ಮೈ ದಂಡಿಸಿದವರ ಜೊಲ್ಲಿನಲ್ಲಿ ಕಾವಲಿಗಿರುವ ಐಜಿಎ ಎಂಬ ಪ್ರತಿಕಾಯ ಇಳಿದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ನಿದ್ದೆಗೇಡು, ಅರೆಹೊಟ್ಟೆ, ಮನಸ್ಸಿನ ಒತ್ತಡ, ಜನಸಂದಣಿ ಇವು ಕಾಯಿಲೆ ತರುತ್ತವೆ ಎಂಬುದಕ್ಕೆ ಎರಡೂ ಕಡೆಯವರ ತಕರಾರಿಲ್ಲ. ನಿಮ್ಮ ಪತ್ರದಲ್ಲಿ ಈ ನಾಲ್ಕೂ ಇವೆ.

ನಿದ್ದೆಯ ವಿಷಯವನ್ನು ಒತ್ತಿ ಹೇಳಬೇಕು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 164 ಆರೋಗ್ಯವಂತರ ಒಂದು ವಾರದ ನಿದ್ದೆಯನ್ನು ಮುಂಗೈಗೆ ಕಟ್ಟಿದ ಯಂತ್ರದಿಂದ ಅಳೆದರು. ಆಮೇಲೆ ಅವರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿಗಳನ್ನು ಬಿಟ್ಟರು. ಏಳು ತಾಸಿಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ, ಆರು ತಾಸೂ ಮಲಗದವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟಿಗೂ ಮೀರಿತ್ತು. ಎಲ್ಲರ ಮೂಗಿಗೂ ಬಿಟ್ಟದ್ದು ಅದೇ ಹನಿ. ನೀವು ಮಲಗುವುದು ನಾಲ್ಕು ತಾಸು. ಓದಿನ ಒತ್ತಡ ನನಗೆ ಅರ್ಥವಾಗುತ್ತದೆ, ಧಾರವಾಡದ ಕೋಚಿಂಗ್ ಓಣಿಗಳಲ್ಲಿ ನಡುರಾತ್ರಿಯಲ್ಲೂ ದೀಪ ಉರಿಯುವುದನ್ನು ದಿನಾ ನೋಡುತ್ತೇನೆ. ಆದರೂ ಹೇಳುತ್ತೇನೆ, ಹತ್ತೂವರೆಗೆ ಪುಸ್ತಕ ಮುಚ್ಚಿ.

ನಿಮ್ಮ ಪತ್ರ ಬಂದ ಮೇಲೆ ಒಂದು ಮುಂಜಾನೆ ಕರ್ನಾಟಕ ಕಾಲೇಜಿನ ಮೈದಾನದ ಅಂಚಿಗೆ ಹೋಗಿ ನಿಂತೆ. ಓಟ ಮುಗಿಸಿದ ಹುಡುಗರು ಒಂದೇ ಬಾಟಲಿಗೆ ಬಾಯಿ ಹಚ್ಚಿ ನೀರು ಕುಡಿದರು. ಒಬ್ಬನು ಅಂಗೈಗೆ ಕೆಮ್ಮಿ, ಅದೇ ಕೈಯಲ್ಲಿ ಟೈಮ್ ನೋಡುವ ಮೊಬೈಲ್ ಹಿಡಿದು ಮುಂದಿನವನಿಗೆ ಕೊಟ್ಟ. ಒಂದೇ ಟವೆಲ್ಲಿನಿಂದ ಮೂವರು ಮುಖ ಒರೆಸಿಕೊಂಡರು. ಎಷ್ಟು ಅಕ್ಕರೆಯ ಗೆಳೆತನ! ಆದರೆ ಒಬ್ಬನ ನೆಗಡಿ ಇಡೀ ರೂಮಿಗೆ ಹತ್ತಲು ಇಷ್ಟು ಸಾಕು. ನಿಮ್ಮ ಬಾಟಲಿ, ಟವೆಲ್ ಬೇರೆ ಇಟ್ಟುಕೊಳ್ಳಿ. ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ರಾತ್ರಿ ರೂಮಿನ ಒಂದು ಕಿಟಕಿಯಾದರೂ ತೆರೆದಿರಲಿ.

ತಂದೆಯವರನ್ನು ಗರಡಿಯ ಉಳಿದ ಕಟ್ಟಳೆಗಳನ್ನೂ ಕೇಳಿ. ತಾಲೀಮಿನಷ್ಟೇ ಮಾಲೀಶು, ಹಾಲು-ಬಾದಾಮಿ, ಮಧ್ಯಾಹ್ನದ ನಿದ್ದೆಗೂ ಅಲ್ಲಿ ಜಾಗವಿತ್ತು. ಜ್ವರ ಬಂದವನನ್ನು ನಾನು ಕಂಡ ಉಸ್ತಾದರು ಗರಡಿಯ ಮಣ್ಣಿಗೇ ಇಳಿಸುತ್ತಿರಲಿಲ್ಲ. ಬೆವರಿಗೆ ಅಂಜಬೇಡ ಎಂದವರು ವಿಶ್ರಾಂತಿಯನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸಿದವರು. ನೀವು ಅರ್ಧ ಪಾಠ ಮಾತ್ರ ತೆಗೆದುಕೊಂಡಿದ್ದೀರಿ.

1600 ಮೀಟರ್ ಪಾಸಾಗಲು ದಿನಾ ಎರಡು ಹೊತ್ತು ಮೈ ಹಣ್ಣು ಮಾಡಿಕೊಳ್ಳಬೇಕಿಲ್ಲ. ವಾರಕ್ಕೆ ಮೂರು ದಿನ ಜೋರು ಓಟ ಇಟ್ಟುಕೊಳ್ಳಿ, ಉಳಿದ ದಿನ ಗೆಳೆಯನ ಜೊತೆ ಮಾತಾಡುತ್ತ ಓಡಬಲ್ಲಷ್ಟು ಸಾವಕಾಶವಾಗಿ ಓಡಿ, ಒಂದು ದಿನ ಪೂರ್ತಿ ಬಿಡಿ. ಹದವಾದ ಕಸರತ್ತು ಶೀತವನ್ನು ದೂರ ಇಡುತ್ತದೆ ಎಂಬುದಕ್ಕೂ ಆಧಾರವಿದೆ. ನೀಮನ್ ಅವರೇ ಮುಂದೆ 1,002 ಜನರನ್ನು 12 ವಾರ ಗಮನಿಸಿದಾಗ, ವಾರಕ್ಕೆ ಐದು ದಿನ ವ್ಯಾಯಾಮ ಮಾಡುವವರು ಶೀತದಿಂದ ನರಳಿದ ದಿನಗಳು, ಮಾಡದವರಿಗಿಂತ ಶೇ. 43ರಷ್ಟು ಕಡಿಮೆ ಇದ್ದವು. ಖಾಲಿ ಹೊಟ್ಟೆಯಲ್ಲಿ ದೂರ ಓಡಿದರೆ ಕಾರ್ಟಿಸೋಲ್‌ನಂಥ ಒತ್ತಡದ ಹಾರ್ಮೋನುಗಳು ಹೆಚ್ಚು ಏರುತ್ತವೆ, ಆದ್ದರಿಂದ ಒಂದು ಬಾಳೆಹಣ್ಣೋ ಒಂದು ಹಿಡಿ ಶೇಂಗಾ-ಬೆಲ್ಲವೋ ತಿಂದು ಹೊರಡಿ. ಬಂದ ಮೇಲೆ ಚಹಾ ಕುಡಿದು ಹೊಟ್ಟೆ ಕಟ್ಟಬೇಡಿ. ಖಾನಾವಳಿಯ ರೊಟ್ಟಿ, ಕಾಳಿನ ಪಲ್ಯ, ಮೊಸರು ಸಾಕು. ಪೌಡರ್ ಡಬ್ಬಿ ಬೇಡವೇ ಬೇಡ. ಆ ದುಡ್ಡಿಗೆ ತಿಂಗಳಿಡೀ ಹಾಲು, ಪೇರಲ ಹಣ್ಣು ಬರುತ್ತವೆ.

ಬರೀ ಮೂಗು ಸೋರುತ್ತಿದ್ದರೆ ಸಾವಕಾಶ ಓಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಒಂದು ಸುತ್ತೂ ಓಡಕೂಡದು. ವೈರಸ್ ಜ್ವರದಲ್ಲಿ ಮೈ ದಂಡಿಸಿದರೆ, ಅಪರೂಪಕ್ಕಾದರೂ, ಹೃದಯದ ಸ್ನಾಯುವಿಗೇ ಉರಿಯೂತ ತಗುಲಿ ಜೀವಕ್ಕೆ ಕುತ್ತು ಬರುತ್ತದೆ. ಎದೆ ನೋವು, ತಲೆ ತಿರುಗುವುದು, ಎದೆ ಹೊಡೆದುಕೊಳ್ಳುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ತೂಕ ಇಳಿಯುತ್ತಿದೆಯೇ ಎಂದು ನೀವು ಬರೆದಿಲ್ಲ. ಕೆಮ್ಮು ಎರಡು ವಾರ ದಾಟಿದ್ದರೆ, ಸಂಜೆ ಸಣ್ಣ ಜ್ವರ ಬರುತ್ತಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ. ಹಾಗೆಯೇ ಹಿಮೋಗ್ಲೋಬಿನ್ ನೋಡಿಸಿ. ರಕ್ತ ಕೊಡುವುದು ಓಟ ಬಿಟ್ಟ ದಿನದ ಮರುದಿನ ಮುಂಜಾನೆ, ಮೈದಾನಕ್ಕೆ ಹೋಗುವ ಮೊದಲೇ ಇರಲಿ, ಇಲ್ಲದಿದ್ದರೆ ಬಿಳಿ ಕಣಗಳ ಎಣಿಕೆ ಮತ್ತೆ ದಾರಿ ತಪ್ಪಿಸುತ್ತದೆ. ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಏನೆಂದರು ಎಂಬುದನ್ನು ನನಗೂ ಬರೆಯಿರಿ.

— ಸಂಪಾದಕ